ಒಂಟಿ ಕದ

ದಾವಣಗೆರೆ ಜಿಲ್ಲೆಯಾದ ಮರುವರ್ಷ ಅಕ್ಕನಾಗಮ್ಮ ಟೀಚರ್ ನಿಜಲಿಂಗಪ್ಪ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸತೊಡಗಿದರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಅವರಿಗೆ ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಅದಕ್ಕೆ ಒಂದೊಂದು ಕಾಲದಲ್ಲಿ ಒಂದೊಂದು ಕಾರಣವಿತ್ತು. ಈಗ ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಮಂಡಿಪೇಟೆಯ ಮನೆಯಲ್ಲಿ ತಮ್ಮ ಬಸವಪ್ರಭುವಿನ ಸಂಸಾರದ ಜೊತೆ ಇದ್ದರು. ತಮ್ಮ ಒಳ್ಳೆಯವನೇ, ಜವಳಿ ವ್ಯಾಪಾರಿ, ಅಕ್ಕನೆಂದರೆ ಪ್ರೀತಿ. ಆದರೆ ‘ಅಕ್ಕನ ರೂಮು’ ಎಂದು ಕರೆಯುತ್ತಿದ್ದ ಕೋಣೆಗೆ ಹಬ್ಬ ಬಂದರೆ ಪಾತ್ರೆ ಬಂದು ಕೂರುತ್ತಿದ್ದವು, ಮದುವೆ ಬಂದರೆ ಹಾಸಿಗೆ ಬಂದು ಕೂರುತ್ತಿದ್ದವು. ಅಕ್ಕ ಗೋಡೆ ಬದಿಗೆ ಸರಿದು ಮಲಗುತ್ತಿದ್ದರು.

ಅವರ ಮನೆತನದಲ್ಲಿ ಹೆಣ್ಣುಮಗಳ ಹೆಸರಿನಲ್ಲಿ ಒಂದು ಮನೆ ಏಳುತ್ತಿದ್ದದ್ದು ಅದೇ ಮೊದಲು. ಚಿಕ್ಕ ಮನೆ. ಒಂದು ಹಾಲು, ಒಂದು ಅಡುಗೆಮನೆ, ಒಂದು ಮಲಗುವ ಕೋಣೆ, ಉತ್ತರದ ಬೆಳಕು ಬೀಳುವ ಇನ್ನೊಂದು ಕೋಣೆ ಚಿತ್ರ ಬರೆಯುವುದಕ್ಕೆ. ಗೋಡೆ ಎದ್ದಿತು, ತಾರಸಿ ಬಿತ್ತು. ಬಾಗಿಲು ಕಿಟಕಿಗಳ ಮಾತು ಬಂದಾಗ ಇಂಜಿನಿಯರು ಒಂದು ಬಣ್ಣದ ಪುಸ್ತಕ ತೆರೆದು ತೋರಿಸಿದ. ಎಲ್ಲವೂ ನುಣ್ಣನೆಯ ಪ್ಲೈವುಡ್ ಬಾಗಿಲು, ಮೇಲೆ ಸನ್‌ಮೈಕಾ.

“ಅಕ್ಕಪಕ್ಕದೋರೆಲ್ಲಾ ಇದನ್ನೇ ಹಾಕ್ಸ್ಯಾರ್ರಿ ಮೇಡಂ,” ಎಂದ.

“ಅದಕ್ಕೇ ನನಗೆ ಬ್ಯಾಡ,” ಎಂದರು ಅಕ್ಕನಾಗಮ್ಮ.

ಊರು ಜಿಲ್ಲಾ ಕೇಂದ್ರವಾದದ್ದೇ ಪೇಟೆಯ ಹಳೆ ಮನೆಗಳಿಗೆ ಕುತ್ತು ಬಂದಿತ್ತು. ಕಾಂಪ್ಲೆಕ್ಸ್ ಎದ್ದರೆ ಬಾಡಿಗೆ ಬರುತ್ತದೆ. ಹಾಗಾಗಿ ಇವತ್ತು ಒಂದು ಜಗಲಿ ಹೋಯಿತು, ನಾಳೆ ಇನ್ನೊಂದು. ಕೆಡವಿದ ಮರ, ಕಲ್ಲು, ಕಬ್ಬಿಣವೆಲ್ಲ ಎತ್ತಿನ ಗಾಡಿಗಳಲ್ಲಿ ಗುಜರಿ ಅಂಗಡಿಗಳ ಕಡೆ ಹೊರಡುತ್ತಿತ್ತು. ಅಕ್ಕನಾಗಮ್ಮ ಆ ಗಾಡಿಗಳ ಬೆನ್ನು ಹಿಡಿದರು. ಮೊದಲು ದಾವಣಗೆರೆಯ ಅಂಗಡಿಗಳನ್ನು ಸುತ್ತಿದರು. ಒಂದು ಕಡೆ ಮರದ ಸರಳಿನ ಕಿಟಕಿ ಸಿಕ್ಕಿತು. ಇನ್ನೊಂದು ಕಡೆ ಕೆಂಪು, ಹಸಿರು, ನೀಲಿ ಗಾಜಿನ ಚೂರುಗಳಿದ್ದ ಕಮಾನು ಸಿಕ್ಕಿತು; ಅದು ಅಡುಗೆಮನೆಯ ಕಿಟಕಿಯ ಮೇಲೆ ಕೂತು ಬೆಳಗಿನ ಹೊತ್ತು ಒಲೆಕಟ್ಟೆಯ ತುಂಬ ಬಣ್ಣ ಚೆಲ್ಲತೊಡಗಿತು. ಹಿತ್ತಾಳೆಯ ಗೂಟಗಳು, ಹೂವಿನ ಅಂಚಿನ ನೆಲದ ಬಿಲ್ಲೆಗಳು ಒಂದೊಂದಾಗಿ ಬಂದವು. ತರುವ ಮುಂಚೆ ಪ್ರತಿಯೊಂದನ್ನೂ ಅವರು ಒಂದು ಹಾಳೆಯ ಮೇಲೆ ಬರೆದು, ತಮ್ಮ ಗೋಡೆಯ ಮೇಲೆ ಹೇಗೆ ಕಾಣುತ್ತದೆಂದು ನೋಡಿಕೊಳ್ಳುತ್ತಿದ್ದರು. ಶಾಲೆಯಲ್ಲಿ ಪರೀಕ್ಷೆ ಹತ್ತಿರ ಬಂದರೆ ಮೊದಲು ಗಣಿತದವರ ಪಾಲಾಗುತ್ತಿದ್ದದ್ದು ಡ್ರಾಯಿಂಗ್ ಪೀರಿಯಡ್ಡು. ಈ ಮನೆಯಲ್ಲಿ ಮಾತ್ರ ಡ್ರಾಯಿಂಗ್ ಟೀಚರ್ ಹೇಳಿದ್ದೇ ಕೊನೆಯ ಮಾತು.

ಮುಂಬಾಗಿಲೊಂದು ಉಳಿಯಿತು. ಅದಕ್ಕೆ ಅವರು ಹರಿಹರಕ್ಕೆ ಹೋದರು.

ಹರಿಹರದಲ್ಲಿ ಹೊಳೆಯ ಕಡೆ ಇಳಿಯುವ ರಸ್ತೆಯಲ್ಲಿ ಬುಡನ್ ಸಾಬರ ಗುಜರಿ ಎಂದರೆ ಎಲ್ಲರಿಗೂ ಗೊತ್ತು. ಬುಡನ್ ಸಾಬರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅಂಗಡಿ ನಡೆಸುತ್ತಿದ್ದವರು ಅವರ ಹೆಂಡತಿ ಅಮೀರ್ ಜಾನ್. ತಲೆಯ ಮೇಲೆ ಸೆರಗು, ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಅಳತೆಯ ಟೇಪು. ಹಳೆ ಮನೆಯನ್ನು ಹೊರಗಿನಿಂದ ಒಮ್ಮೆ ಸುತ್ತಿ ಬಂದು ಒಳಗೆ ಎಷ್ಟು ಮರ ಇದೆಯೆಂದು ಹೇಳುವ ಹೆಂಗಸು.

“ಬುಡನ್ ಸಾಬರ ಅಂಗಡಿ ಇದೇ ಏನ್ರಿ?” ಎಂದು ಅಕ್ಕನಾಗಮ್ಮ ಕೇಳಿದಾಗ ಅವರು ತಲೆ ಎತ್ತದೆ, “ಅಮೀರ್ ಜಾನ್ ಅಂಗಡಿ. ಬರ್ರಿ, ಕೂಡ್ರಿ,” ಎಂದರು.

ಕೂರಲು ಅಲ್ಲಿ ಜಾಗವಿರಲಿಲ್ಲ. ಕಂಬದ ಮೇಲೆ ಕಂಬ, ಕಬ್ಬಿಣದ ಗರ್ಡರು, ಮುರಿದ ಶಟರು, ಯಾವುದೋ ಟಾಕೀಸಿನ ಕುರ್ಚಿಗಳು. ಅಕ್ಕನಾಗಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಒಳಗೆ ಹೊಕ್ಕರು. ಹಿಂದಿನ ಮೂಲೆಯಲ್ಲಿ ಸಿಮೆಂಟ್ ಶೀಟುಗಳ ಕೆಳಗೆ ಒಂದು ದಪ್ಪ ಕದ ಮಲಗಿತ್ತು. ಅದಕ್ಕೆ ಹಸಿರು ಆಯಿಲ್ ಪೇಂಟನ್ನು ಪದರದ ಮೇಲೆ ಪದರ ಬಳಿದಿದ್ದರು. ಅಂಚಿನಲ್ಲಿ ಏನೋ ಉಬ್ಬಿದಂತಿತ್ತು. ಅವರು ತಲೆಯ ಪಿನ್ನು ತೆಗೆದು ಕೆರೆದರು. ಒಂದು ಕೊಕ್ಕು ಕಂಡಿತು.

“ಅದು ಬ್ಯಾಡ ಅಮ್ಮಾ,” ಎಂದರು ಅಮೀರ್ ಜಾನ್ ಹಿಂದೆ ಬಂದು ನಿಂತು. “ಒಂಟಿ ಕದ. ಜೋಡಿ ಇಲ್ಲ. ಯಾರೂ ಕೇಳಂಗಿಲ್ಲ ಅಂತ ಸೀಳಿಸಿ ಹಲಿಗೆ ಮಾಡಿಸ್ಬೇಕು ಅಂತ ಇದ್ದೆ.”

“ಸೀಳಿಸಬ್ಯಾಡ್ರಿ. ನಾನು ತಗೊಂಡೆ.”

“ಅರ್ಧ ಬಾಗ್ಲ ತಗಂಡು ಏನ್ಮಾಡ್ತೀರಿ?”

“ಇನ್ನರ್ಧ ಹುಡುಕ್ತೀನಿ.”

ಅಮೀರ್ ಜಾನ್ ನಕ್ಕುಬಿಟ್ಟರು. ಆದರೆ ಕದವನ್ನು ಲಗೇಜ್ ಆಟೋಕ್ಕೆ ಏರಿಸುವಾಗ ಅಡಿಗೆ ತಮ್ಮದೇ ಹಳೆಯ ಗೋಣಿಚೀಲ ಹಾಸಿಸಿದರು.

ಅಂದಿನಿಂದ ದಿನವೂ ಶಾಲೆ ಬಿಟ್ಟ ಮೇಲೆ ಅಕ್ಕನಾಗಮ್ಮನಿಗೆ ಅದೇ ಕೆಲಸವಾಯಿತು. ಇನ್ನೂ ಗಿಲಾವು ಒಣಗದ ಮನೆಯ ಮುಂದೆ ಕದವನ್ನು ಇಟ್ಟಿಗೆಗಳ ಮೇಲೆ ಮಲಗಿಸಿಕೊಂಡು ಬಣ್ಣ ಕೆರೆದರು. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಕಾವಿ, ಅದರ ಕೆಳಗೆ ಜೇನಿನ ಬಣ್ಣದ ಸಾಗುವಾನಿ. ಕೆಳಗೊಂದು ಕಳಶ, ಕಳಶದಿಂದ ಎದ್ದ ಬಳ್ಳಿ, ಬಳ್ಳಿಯ ತುದಿಗೆ ಒಂದು ಗಿಳಿ. ಗಿಳಿ ಕತ್ತು ಚಾಚಿ ಕದದ ಅಂಚಿನಾಚೆ ಏನನ್ನೋ ನೋಡುತ್ತಿತ್ತು. ಬೇಡಿಕೊಳ್ಳುವವರ ಹಾಗೆ ಕೊಕ್ಕು ಸ್ವಲ್ಪ ತೆರೆದಿತ್ತು. ಬಳ್ಳಿಯ ಒಂದು ಕವಲು ಅಂಚಿನವರೆಗೆ ಬಂದು ಅಲ್ಲೇ ಕಡಿದುಹೋಗಿತ್ತು.

ಬಡಗಿ ಕಾಳಾಚಾರಿ ಬಂದು ನೋಡಿದರು. ಕೆತ್ತನೆಯಲ್ಲಿ ಹೆಸರು ಮಾಡಿದವರು. “ಚಲೋ ಕೆಲಸ ಐತ್ರಿ. ಇದನ್ನ ತಿರುವು ಹಾಕಿ ಇನ್ನೊಂದು ಕೆತ್ತಿ ಕೊಡ್ತೀನಿ ತಗೀರಿ. ಗಿಳಿಗೆ ಗಿಳಿ, ಎದುರಾಬದುರಾ. ಎಲ್ಲಾ ಕಡೆ ಹಂಗೇ ಇರ್ತಾವೆ.”

“ಇರಬಹುದು ಆಚಾರ್ರೆ. ಆದ್ರೆ ಈ ಗಿಳಿ ಏನು ನೋಡ್ತಾ ಐತೆ ಅಂತ ಗೊತ್ತಿಲ್ದೆ ಹೆಂಗೆ ಕೆತ್ತಿಸ್ಲಿ? ಒಂದಿಷ್ಟು ದಿನ ತಡೀರಿ.”

ಮತ್ತೆ ಹರಿಹರದ ಬಸ್ಸು ಹತ್ತಿದರು. ಅಮೀರ್ ಜಾನ್ ಎಲೆಗೆ ಸುಣ್ಣ ಸವರುತ್ತ ನೆನಪು ಮಾಡಿಕೊಂಡರು.

“ಇಲ್ಲೇ ಕೋಟೆ ಹತ್ರ ಒಬ್ರು ಸಾಹುಕಾರ್ರ ಮನೆ. ಅದನ್ನ ಕೆಡವೋ ಕೆಲಸ ನಮ್ಮ ಯಜಮಾನ್ರೇ ಹಿಡಿದಿದ್ರು. ಕದ ಎರಡೂ ಬಂದಿದ್ವು. ಒಂದನ್ನ ಕೂಲಿಗೆ ಬಂದ ಒಬ್ಬಾಕೆ ಜಗಳಾಡಿ ತಗಂಡು ಹೋದ್ಲು. ಎಲ್ರೂ ಕೂಲಿ ಇಸ್ಕಂಡ್ರೆ ಈಕಿ ‘ನಂಗೆ ಕೂಲಿ ಬ್ಯಾಡ, ಕದ ಬೇಕು’ ಅಂತ ಕುಂತುಬಿಟ್ಲು. ನಮ್ಮೋರು ಸೋತ್ರು. ಬಾತಿಯಾಕಿ ಅಂತ ನೆನಪು.”

ಬಾತಿ! ದಾವಣಗೆರೆಯಿಂದ ಹರಿಹರಕ್ಕೆ ಬರುವ ದಾರಿಯಲ್ಲೇ ಇರುವ ಊರು. ಪ್ರತಿಸಲವೂ ಅವರು ಆ ಕೆರೆ, ಗುಡ್ಡ ನೋಡಿಕೊಂಡೇ ಬಂದಿದ್ದರು.

ಭಾನುವಾರ ಬಸವಪ್ರಭು ತನ್ನ ಕಾರಿನಲ್ಲಿ ಅಕ್ಕನನ್ನು ಕರೆದುಕೊಂಡು ಬಾತಿಗೆ ಹೋದ. ಊರ ಬಾಗಿಲಲ್ಲಿ ಒಬ್ಬ ಮುದುಕನನ್ನು ಕೇಳಿದರೆ, ಮಾತು ಮುಗಿಯುವ ಮುಂಚೆಯೇ, “ಗಿಳಿ ಬಾಗ್ಲದ ಉಡಚಮ್ಮನ ಮನೆನಾ? ಹಿಂಗೇ ಹೋಗ್ರಿ, ಬೇವಿನ ಮರದ ಎಡಕ್ಕೆ,” ಎಂದ.

ಮಣ್ಣಿನ ಗೋಡೆಯ ಹಂಚಿನ ಮನೆ. ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು. ನಡುವೆ ಆ ಕದ. ಅದರ ಮೇಲೆ ಒಂದು ಹನಿ ಬಣ್ಣವೂ ಉಳಿದಿರಲಿಲ್ಲ. ವರ್ಷ ವರ್ಷ ಎಣ್ಣೆ ಕುಡಿದು ಕುಡಿದು ಅದು ಹುಣಸೆಬೀಜದಂತೆ ಮಿರುಗುತ್ತಿತ್ತು. ಬಳ್ಳಿಯ ಒಂದೊಂದು ಎಲೆಯ ನರವೂ ಎಣಿಸುವ ಹಾಗಿತ್ತು. ಅಲ್ಲಿಯೂ ಒಂದು ಗಿಳಿ ಇತ್ತು. ಆದರೆ ಅದು ಎದುರು ನೋಡುತ್ತಿರಲಿಲ್ಲ. ಬೆನ್ನು ತಿರುಗಿಸಿ ಕೂತು, ಕತ್ತನ್ನು ಮಾತ್ರ ಒಂದಿಷ್ಟು ಹೊರಳಿಸಿ ಓರೆಗಣ್ಣಿನಲ್ಲಿ ಹಿಂದಕ್ಕೆ ನೋಡುತ್ತಿತ್ತು. ಮುನಿಸಿಕೊಂಡ ಗಿಳಿ! ತಮ್ಮ ಕದದ ಗಿಳಿ ಇಷ್ಟು ವರ್ಷ ಕತ್ತು ಚಾಚಿ ಸಮಾಧಾನ ಮಾಡುತ್ತಿದ್ದದ್ದು ಇದನ್ನೇ. ಅಕ್ಕನಾಗಮ್ಮನಿಗೆ ನಗುವೂ ಬಂತು, ಕಣ್ಣೂ ತುಂಬಿತು. ಅದನ್ನು ಕೆತ್ತಿದವನು ಯಾರೋ, ಅವನ ಮನೆಯಲ್ಲಿ ಅವತ್ತು ಯಾರು ಮುನಿಸಿಕೊಂಡಿದ್ದರೋ.

ಹಿತ್ತಲಿನಿಂದ ಉಡಚಮ್ಮ ಕೈ ತೊಳೆದುಕೊಂಡು ಬಂದರು. ಒಣಗಿದ ಗಟ್ಟಿ ಮೈ, ಹಣೆಯ ತುಂಬ ಕುಂಕುಮ. ಹಿಂದೆ ಅವರ ಗಂಡ ಸೂರಪ್ಪ ಬಂದು ಕಟ್ಟೆಯ ಮೇಲೆ ಕೂತರು. ಅಕ್ಕನಾಗಮ್ಮ ಬಾಯಿ ತೆರೆಯುವ ಮುಂಚೆ ಬಸವಪ್ರಭು ಶುರುಮಾಡಿದ.

“ನೋಡಮ್ಮಾ, ಈ ಕದ ನಮಗೆ ಬೇಕಾಗೈತೆ. ಹಳೇದು. ನಿಂಗೆ ಹೊಸಾ ಬಾಗ್ಲ ಹಾಕಿಸಿಕೊಡ್ತೀವಿ, ಚೌಕಟ್ಟು ಚಿಲಕ ಎಲ್ಲಾ ಸೇರ್ಸಿ. ನೀನು ಏನು ಕೇಳಿದ್ರೂ ಸರಿ.”

ಉಡಚಮ್ಮ ಅವನನ್ನು ನೋಡಿದರು. “ಯಾಕ, ನಮ್ಮನಿಗೆ ಬಾಗ್ಲ ಇಲ್ಲೇನು?”

“ಹಂಗಲ್ಲ, ಇದು ಅರ್ಧ ಬಾಗ್ಲ ಐತೆ. ಇದರ ಜೋಡಿ ನಮ್ಮ ಹತ್ರ...”

“ದೊಡ್ಡೋರ ಮನಿ ಅರ್ಧ ಬಾಗ್ಲ, ನಮ್ಮನಿಗೆ ಪೂರಾ ಬಾಗ್ಲ,” ಎಂದರು ಉಡಚಮ್ಮ. “ಇದರಾಗೆ ನನ್ನ ಸೊಸೇರು ಇಬ್ರೂ ಅಕ್ಕಿ ಸೇರು ಒದ್ದು ಒಳಗೆ ಬಂದಾರೆ. ಮೊಮ್ಮಗಳು ಈ ಗಿಳಿ ನೋಡ್ಕಂತ ಮಾತು ಕಲ್ತೈತೆ. ಮಾರೋದು ಇಲ್ಲ. ನೀರು ಕುಡೀತೀರಾ?”

ನೀರು ಕುಡಿದು ಹೊರಟರು. ಕಾರಿನಲ್ಲಿ ಬಸವಪ್ರಭು ಗೊಣಗಿದ. “ಒಂದು ಹಳೇ ಕದಕ್ಕೆ ಆ ಮುದುಕಿಗೆ ಎಷ್ಟು ಸೊಕ್ಕು ನೋಡಕ್ಕ.”

ಅಕ್ಕನಾಗಮ್ಮನಿಗೂ ಆಸೆ ಮುರಿದಿತ್ತು; ಮುಖ ಸಣ್ಣದಾಗಿತ್ತು. ಆದರೂ ಆ ಮಾತು ಹಿಡಿಸಲಿಲ್ಲ. “ಸೊಕ್ಕಲ್ಲ ಪ್ರಭು. ನಾಳೆ ಯಾರೋ ಕಾರಿನಾಗೆ ಬಂದು ನನ್ನ ಅಡುಗೆಮನೆ ಬಣ್ಣದ ಗಾಜು ಕೊಡು ಅಂದ್ರೆ, ನಾನೂ ಹಿಂಗೇ ಹೇಳಿ ಕಳಿಸ್ತೀನಿ. ನೀರು ಕೊಡ್ತೀನೋ ಇಲ್ಲೋ ಗೊತ್ತಿಲ್ಲ.”

ಮುಂದಿನ ರಜೆಯ ದಿನ ಅವರೊಬ್ಬರೇ ಬಸ್ಸಿನಲ್ಲಿ ಬಾತಿಗೆ ಹೋದರು. ಕಂಕುಳಲ್ಲಿ ಸುತ್ತಿದ ಕಾಗದ, ಚೀಲದಲ್ಲಿ ಪೆನ್ಸಿಲ್ಲು, ಅಳತೆಪಟ್ಟಿ, ಕಪ್ಪು ಮೇಣದ ಬಳಪ. ಉಡಚಮ್ಮ ಬಾಗಿಲಿಗೆ ಅಡ್ಡ ನಿಂತರು.

“ಮತ್ತೆ ಬಂದ್ರಾ?”

“ಕದ ಕೇಳೋಕೆ ಬಂದಿಲ್ಲ ಯವ್ವಾ. ನಾನು ಡ್ರಾಯಿಂಗ್ ಟೀಚರ್. ನಿಮ್ಮ ಗಿಳಿನ ಒಂದ್ಸಲ ಬರ್ಕಂತೀನಿ. ಅಷ್ಟೇ.”

“ಬರಕಂಡ್ರೆ ಸವೆಯಂಗಿಲ್ಲ, ಹೌದಲ್ಲ?”

“ಇಲ್ಲ.”

ಉಡಚಮ್ಮ ಯೋಚಿಸಿ ಪಕ್ಕಕ್ಕೆ ಸರಿದರು. ಅಕ್ಕನಾಗಮ್ಮ ಕದಕ್ಕೆ ತೆಳು ಕಾಗದ ಹೊಂದಿಸಿ ಮೇಲೆ ಬಳಪ ಮಲಗಿಸಿ ಮೆಲ್ಲಗೆ ಉಜ್ಜತೊಡಗಿದರು. ಕಳಶ ಎದ್ದಿತು, ಬಳ್ಳಿ ಹಬ್ಬಿತು. ಅಕ್ಕಪಕ್ಕದವರು ಬಂದು ಸೇರಿದರು. ಕಪ್ಪಿನೊಳಗಿಂದ ಬಿಳಿಯ ಗೆರೆಗಳಲ್ಲಿ ಗಿಳಿಯ ಓರೆಗಣ್ಣು ಕಾಣಿಸಿಕೊಂಡಾಗ ಉಡಚಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡರು.

“ಅಯ್ಯ ಶಿವನೇ! ನಮ್ಮ ಗಿಳಿ ಕಾಗದಕ್ಕೆ ಬಂತಲ್ಲೇ!”

“ನೆಳ್ಳು ಬಿಡ್ರಿ, ಟೀಚರಮ್ಮಗೆ ಕಾಣಂಗಿಲ್ಲ,” ಎಂದು ಅವರೇ ಜನರನ್ನು ದೂರ ಅಟ್ಟಿದರು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಬಂತು. ತಿನ್ನುತ್ತ ಕೂತಾಗ ಉಡಚಮ್ಮ ಕದದ ಕಥೆ ಹೇಳಿದರು.

“ಆ ಸಾಹುಕಾರ್ರ ಮನಿ ಕೆಡವೋವಾಗ ಮಣ್ಣು ಹೊರಾಕೆ ಹೋಗಿದ್ದೆ. ಎಲ್ರೂ ಬುಟ್ಟಿ ಹೊತ್ಕಂಡು ಈ ಕದದ ಮುಂದ್ಲಿಂದಾನೇ ಓಡಾಡ್ತಿದ್ರು, ಯಾರೂ ನೋಡ್ಲಿಲ್ಲ. ನಾನು ನೋಡ್ದೆ. ಸಿಟ್ಟಾದ ಹೆಂಗಸು ಕುಂತಂಗೆ ಕುಂತೈತೆ. ಥೇಟ್ ನಾನೇ! ನಮ್ಮನಿಗೆ ಆಗ ಬಾಗ್ಲಕ್ಕೆ ತಟ್ಟಿ ಕಟ್ಟಿದ್ವಿ. ದುಡಿದಿದ್ದು ನಾನು, ಕೇಳಾಕ್ ಯಾಕ ಹೆದರ್ಲಿ? ಕೇಳ್ದೆ.”

“ಎರಡೂ ಯಾಕೆ ಕೇಳ್ಲಿಲ್ಲ?”

“ನಮ್ಮನಿಗೆ ಒಂದೇ ಹಿಡಿಸೋದು,” ಎಂದು ನಕ್ಕರು ಉಡಚಮ್ಮ. “ಇವ್ರು ಗಾಡಿ ಹೂಡ್ಕಂಡು ಬಂದು ಬೈಕಂತ ಹೇರ್ಕಂಡು ಬಂದ್ರು. ಮ್ಯಾಲಿನ ಬಣ್ಣ ಎಲ್ಲಾ ನಾನೇ ಕುಂತು ಕೆರೆದೆ.”

ಕಟ್ಟೆಯ ಮೇಲಿಂದ ಸೂರಪ್ಪ, “ಈಗ್ಲೂ ಬೈತೀನಿ. ತಿಂಗ್ಳಿಗೆ ಒಂದ್ಸಲ ನನ್ನ ಕೈಲೇ ಎಣ್ಣಿ ಹಚ್ಚಿಸ್ತಾಳೆ,” ಎಂದರು. ಅವರ ದನಿಯಲ್ಲಿ ಬೈಗುಳ ಇರಲಿಲ್ಲ.

ಹೊತ್ತು ಇಳಿಯುವ ಹೊತ್ತಿಗೆ ಅಕ್ಕನಾಗಮ್ಮ ಇನ್ನೊಂದು ಹಾಳೆ ತೆಗೆದು ಗಿಳಿಯೊಂದನ್ನೇ ಮತ್ತೆ ಉಜ್ಜಿ, ಕೆಳಗೆ ದಪ್ಪ ಅಕ್ಷರದಲ್ಲಿ ‘ಉಡಚಮ್ಮನವರ ಗಿಳಿ, ಬಾತಿ’ ಎಂದು ಬರೆದು ಅವರ ಕೈಗೆ ಕೊಟ್ಟರು. ಉಡಚಮ್ಮನಿಗೆ ಓದು ಬರುತ್ತಿರಲಿಲ್ಲ. ಸೊಸೆ ಓದಿ ಹೇಳಿದಳು. ಅವರು ಅದನ್ನು ಮಡಿಸಲು ಬಿಡಲಿಲ್ಲ. ದೇವರ ಗೂಡಿನ ಪಕ್ಕ ಗೋಡೆಗೆ ಅಂಟಿಸಿದರು.

ಮನೆಗೆ ಬಂದು ಅಕ್ಕನಾಗಮ್ಮ ಕದದಷ್ಟೇ ದೊಡ್ಡ ಕಾಗದದ ಮೇಲೆ ಚಿತ್ರವನ್ನು ತಿದ್ದಿ ಬರೆದರು. ಎಲ್ಲಿ ಎಷ್ಟು ಆಳ, ಎಲ್ಲಿ ಉಬ್ಬು, ಎಲ್ಲಿ ನುಣುಪು ಎಂದು ಛಾಯೆ ಕೊಟ್ಟರು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದು ಅಳಿಸಿದ್ದ ಕೈ ಇವತ್ತು ಅಳಿಸದೆ ಉಳಿಯುವುದನ್ನು ಬರೆಯುತ್ತಿತ್ತು. ಕಾಳಾಚಾರಿ ಚಿತ್ರವನ್ನು ನೆಲದ ಮೇಲೆ ಹಾಸಿ, ಅದರ ಪಕ್ಕ ಹಳೆಯ ಕದ ಮಲಗಿಸಿ, ಬಹಳ ಹೊತ್ತು ಕೂತರು. ಅಂಚಿನಲ್ಲಿ ಕಡಿದಿದ್ದ ಬಳ್ಳಿಯ ಕವಲು ಕಾಗದದ ಮೇಲಿನ ಕವಲಿಗೆ ಸರಿಯಾಗಿ ಕೂಡಿತ್ತು.

“ನೀವು ನನ್ನ ಮಾತು ಕೇಳಿದ್ರೆ ಎಂಥಾ ಕೆಲಸ ಕೆಡ್ತಿತ್ತು ಟೀಚರ್ರೆ,” ಎಂದರು. “ನೀವು ಬರದಿದ್ದು ನಾನು ಕೆತ್ತಿ ಕೊಡ್ತೀನಿ. ಕಡಿಮಿ ಬಿದ್ರೆ ಬೈರಿ.”

ಮರ ಅಮೀರ್ ಜಾನ್ ಕಳಿಸಿದರು. ಹಳೆಯ ಮನೆಯೊಂದರ ಸಾಗುವಾನಿ ತೊಲೆ. “ಹೊಸಾ ಮರ ಹಾಕಿದ್ರೆ ಜೋಡಿ ಮುಖ ಬ್ಯಾರೆ ಆಗ್ತಾವೆ. ಇದು ಖರೇ ಪುರಾನಾ ಮಾಲು,” ಎಂದು ಹೇಳಿಕಳಿಸಿದ್ದರು. ಕಾಳಾಚಾರಿ ಕೆತ್ತುವಾಗ ಅಕ್ಕನಾಗಮ್ಮ ದಿನವೂ ಹೋಗಿ ನಿಲ್ಲುತ್ತಿದ್ದರು. ಗಿಳಿಯ ಕತ್ತು ಒಂದು ಎಳೆ ಹೆಚ್ಚು ಹೊರಳಿದಾಗ, “ಅಷ್ಟು ಸಮಾಧಾನ ಆಗಿಲ್ಲ ಆಚಾರ್ರೆ ಅದಕ್ಕೆ,” ಎಂದು ತಿದ್ದಿಸಿದರು. ಆಚಾರಿ ನಗುತ್ತ ಉಳಿ ತಿರುಗಿಸಿಕೊಂಡರು.

ಶ್ರಾವಣದಲ್ಲಿ ಗೃಹಪ್ರವೇಶವಾಯಿತು. ಅಯ್ಯನವರ ಪಾದಪೂಜೆ ಮುಗಿದ ಮೇಲೂ ಬಂದವರು ಒಳಗೆ ಹೋಗದೆ ಮುಂಬಾಗಿಲಲ್ಲೇ ಗುಂಪುಗಟ್ಟಿದ್ದರು. ಒಂದು ಕದ ನೂರು ವರ್ಷದ್ದು, ಒಂದು ಈಗಿನದು, ಯಾವುದು ಯಾವುದೆಂದು ಪಂದ್ಯ ಕಟ್ಟಿದವರಂತೆ ಮುಟ್ಟಿ ಮುಟ್ಟಿ ನೋಡಿದರು. ಶಾಲೆಯ ಗಣಿತದ ಟೀಚರ್ ಎರಡು ಸಲ ತಪ್ಪು ಹೇಳಿದರು. ಬಸವಪ್ರಭು ಬೆಳಗಿನಿಂದ ಬಾಗಿಲು ಬಿಟ್ಟು ಅಲುಗಿರಲಿಲ್ಲ. ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ. “ನಮ್ಮಕ್ಕ ಬರೆದಿದ್ದು. ಆಚಾರಿ ಕೆತ್ತಿದ್ದು ಖರೆ, ಆದ್ರೆ ಬರೆದಿದ್ದು ನಮ್ಮಕ್ಕ.” ಅಡುಗೆಮನೆಯಿಂದ ಆ ಮಾತು ಕೇಳಿದಾಗಲೆಲ್ಲ ಅಕ್ಕನಾಗಮ್ಮ ಹೋಳಿಗೆಯ ತಟ್ಟೆ ಹಿಡಿದವರು ಹಾಗೇ ಒಂದು ಗಳಿಗೆ ನಿಲ್ಲುತ್ತಿದ್ದರು.

ಅಮೀರ್ ಜಾನ್ ಜರಿಯಂಚಿನ ಸೀರೆಯುಟ್ಟು ಬಂದರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆಯ ಚಿಲಕ. “ಇದು ಮಾರಾಕ್ ಇಟ್ಟಿದ್ದಲ್ಲ. ನಿಮಗೆ,” ಎಂದು ಕೊಟ್ಟರು.

ಊಟದ ಹೊತ್ತಿಗೆ ಉಡಚಮ್ಮ, ಸೂರಪ್ಪ ಬಂದರು. ಇಳಕಲ್ ಸೀರೆ, ತಲೆಯ ತುಂಬ ಸೆರಗು. ಅಕ್ಕನಾಗಮ್ಮ ಓಡಿಹೋಗಿ ಕೈ ಹಿಡಿದರು. ಉಡಚಮ್ಮ ಒಳಗೆ ಕಾಲಿಡಲಿಲ್ಲ. ಮೊದಲು ಹೊಸ ಕದದ ಮುಂದೆ ನಿಂತರು. ಬೆರಳಿನಿಂದ ಬಳ್ಳಿಯನ್ನು ಬುಡದಿಂದ ತುದಿಯವರೆಗೆ ಸವರಿದರು. ಗಿಳಿಯ ಬೆನ್ನು, ಕತ್ತು, ಕಣ್ಣು ಮುಟ್ಟಿದರು. ಆಮೇಲೆ ಪಕ್ಕದ ಕದದ ಕಡೆ ತಿರುಗಿದರು. ತಮ್ಮ ಗಿಳಿಯ ಜೋಡಿಯನ್ನು ಬಣ್ಣವಿಲ್ಲದೆ ಅವರು ನೋಡುತ್ತಿದ್ದದ್ದು ಅದೇ ಮೊದಲು.

“ಓ, ಇವನೇ ಏನು ನಮ್ಮಾಕಿನ ಕರೀತಿದ್ದೋನು!” ಎಂದರು. “ನೋಡ್ರಿ ಇವ್ರೆ, ನೋಡಿ ಕಲ್ತ್ಕಳ್ರಿ,” ಎಂದು ಗಂಡನಿಗೆ ತೋರಿಸಿದರು. ಎಲ್ಲರೂ ನಕ್ಕರು. ಸೂರಪ್ಪನೂ ನಕ್ಕರು.

“ಹೆಂಗೈತೆ ಯವ್ವಾ?” ಎಂದು ಅಕ್ಕನಾಗಮ್ಮ ಕೇಳಿದರು. ಇಡೀ ದಿನ ಅಷ್ಟು ಜನ ಹೊಗಳಿದ್ದರೂ ಅವರ ಕಿವಿ ಕಾದಿದ್ದದ್ದು ಈ ಒಂದು ಮಾತಿಗೆ.

“ಛಂದ ಐತೆ. ಸುಳ್ಳು ಯಾಕ ಹೇಳ್ಲಿ, ಭಾಳ ಛಂದ ಐತೆ,” ಎಂದರು ಉಡಚಮ್ಮ. ಆಮೇಲೆ ಸೆರಗು ಸರಿ ಮಾಡಿಕೊಂಡು, ಸುತ್ತ ನಿಂತಿದ್ದ ದಾವಣಗೆರೆಯ ಜನಕ್ಕೆಲ್ಲ ಕೇಳುವ ಹಾಗೆ, “ಆದ್ರೆ ಇದು ಇನ್ನೂ ಎಳೇದು. ನಮ್ದು ನೋಡ್ಬೇಕಂದ್ರೆ ಬಾತಿಗೆ ಬರ್ರಿ,” ಎಂದರು.

ಸಂಜೆಯ ಹೊತ್ತಿಗೆ ಬಂದವರೆಲ್ಲ ಹೋದರು. ಬಸವಪ್ರಭು ಕೊನೆಯವನಾಗಿ ಚಪ್ಪಲಿ ಮೆಟ್ಟಿಕೊಂಡ. ಮೆಟ್ಟಿಲಿಳಿದವನು ತಿರುಗಿ ನಿಂತ.

“ಅಕ್ಕ, ಒಬ್ಬಾಕೆ ಇರ್ತೀಯ. ಇನ್ನೊಂದು ಕೀಲಿ ನನ್ನ ಹತ್ರ ಇರ್ಲೇನು?”

ಅಕ್ಕನಾಗಮ್ಮ ಹೊಸ್ತಿಲ ಒಳಗೆ ನಿಂತಿದ್ದರು. “ಬ್ಯಾಡ ಪ್ರಭು,” ಎಂದರು ಪ್ರೀತಿಯಿಂದ. “ಬಂದಾಗ ಚಿಲಕ ಬಡಿ. ನಾನು ತೆಗೀತೀನಿ.”

ಅವನು ಅಕ್ಕನ ಮುಖವನ್ನೇ ನೋಡಿದ. ಆಮೇಲೆ ತಲೆಯಾಡಿಸಿ, ನಗುತ್ತ, ಕಾರಿನ ಕಡೆ ನಡೆದ. ಅಕ್ಕನಾಗಮ್ಮ ಎರಡೂ ಕದ ಎಳೆದು ಒಳಗಿನಿಂದ ಅಗಳಿ ಹಾಕಿದರು.